ನನ್ನ ಗಂಟಲಿಗೆ ಅಕ್ಕನ ಕಾವಲು

ನಾನು ಚಿಕ್ಕವನಿದ್ದಾಗ ಗಂಟಲೊಳಗಿನ ಟಾನ್ಸಿಲ್ ಎಂಬ ಎರಡು ಗಡ್ಡೆಗಳು ಆಗಾಗ ಊದಿಕೊಂಡು ಜ್ವರ ತರುತ್ತಿದ್ದವು. ತರೀಕೆರೆಯ ಡಾಕ್ಟರು ಅವನ್ನು ತೆಗೆದುಹಾಕಿ ನನ್ನನ್ನು ಅಮೃತಾಪುರದ ಮನೆಗೆ ಕಳಿಸಿದರು. ಅಲ್ಲಿಂದ ನನ್ನ ಸೆರೆವಾಸ ಶುರುವಾಯಿತು.

ಓಡಬಾರದು, ಕೂಗಬಾರದು, ಬಿಸಿಯದು ಗಟ್ಟಿಯದು ತಿನ್ನಬಾರದು. ನಡುಮನೆಯ ಮಂಚವೇ ಜೈಲು, ಅಕ್ಕನೇ ಜೈಲರು. ತಣ್ಣನೆ ರಾಗಿಗಂಜಿಯ ಲೋಟ ಹಿಡಿದು ಅವಳು ದಿನವಿಡೀ ನನ್ನ ಗಂಟಲನ್ನೇ ನೋಡುತ್ತಿದ್ದಳು. ಹುಡುಗ ನಿದ್ದೆಯಲ್ಲಿ ಪದೇ ಪದೇ ನುಂಗಿದರೆ ಒಳಗೆ ರಕ್ತ ಸೋರುತ್ತಿದೆ ಎಂದರ್ಥ, ತಕ್ಷಣ ಕರೆತನ್ನಿ ಎಂದು ಡಾಕ್ಟರು ಹೇಳಿದ್ದರಂತೆ. ಕಿಟಕಿಯ ಕಂಬಿಯಾಚೆ ಗೋಲಿಗಳ ಸದ್ದು. ಪಕ್ಕದ ಮನೆಯಿಂದ ಚಕ್ಕುಲಿ ಕರಿಯುವ ವಾಸನೆ. ಅದು ಮಾತ್ರ ಅಪ್ಪಣೆ ಕೇಳದೆ ಒಳಗೆ ಬರುತ್ತಿತ್ತು.

ಗಾಯದ ಹಕ್ಕಳೆ ಉದುರುವ ಹೊತ್ತಿಗೆ ನೋವು ಮತ್ತೆ ಹೆಚ್ಚಿತು. ಡಾಕ್ಟರು ಕೊಟ್ಟ ಔಷಧಿ ಮುಗಿದಿತ್ತು. ಅಪ್ಪ ಅಂಗಡಿಯಿಂದ ತಲೆನೋವಿನ ಮಾತ್ರೆ ತಂದು, ಪುಡಿ ಮಾಡಿ, ಜೇನಿನಲ್ಲಿ ಕಲಸಿ ನೆಕ್ಕಿಸಿದರು. ತಲೆಗೆ ಹೋಗುವ ಮಾತ್ರೆ ದಾರಿಯಲ್ಲೇ ಸಿಗುವ ಗಂಟಲನ್ನು ಬಿಟ್ಟೀತೆ ಎಂಬುದು ಅವರ ವೈದ್ಯಶಾಸ್ತ್ರ.

ಮಾರನೆಯ ಮಧ್ಯಾಹ್ನ ಮಂಪರಿನಲ್ಲಿದ್ದೆ. ಬಾಯಲ್ಲಿ ತುಕ್ಕು ಹಿಡಿದ ಮೊಳೆಯ ರುಚಿ, ಬೆಚ್ಚಗೆ. ನುಂಗಿದೆ, ಮತ್ತೆ ಬಂತು. ಕೂಗಲು ದನಿಯಿಲ್ಲ, ಏಳಲು ಬಲವಿಲ್ಲ.

ಅಕ್ಕ ಲೋಟ ಕೆಳಗಿಟ್ಟಳು. "ಅಪ್ಪ, ಇವ್ನು ನಿದ್ದೇಲಿ ನುಂಗ್ತಾನೇ ಅವ್ನೆ."

"ಗಂಜಿ ಕನಸು ಬಿದ್ದಿರ್ಬೇಕು, ಬಿಡು ಕಣೇ."

"ಇವ್ನಿಗೆ ಗಂಜಿ ಕನಸಲ್ಲೂ ಸೇರಲ್ಲ. ಏಳಪ್ಪ."

ಅವಳು ನನ್ನನ್ನು ಬಗ್ಗಿಸಿ ಬಟ್ಟಲು ಹಿಡಿದಳು. ಬಟ್ಟಲು ಕೆಂಪಾಯಿತು. ಅಪ್ಪ ಚಪ್ಪಲಿ ಮರೆತು ನನ್ನನ್ನು ಎತ್ತಿಕೊಂಡು ಓಡಿದರು. ಬಸ್ಸಿನವನು ಕೈ ಅಡ್ಡ ಹಾಕಿದವರನ್ನೆಲ್ಲ ಬಿಟ್ಟು ನೇರ ತರೀಕೆರೆಗೆ ಹೊಡೆದ.

ರಕ್ತ ನಿಂತ ಮೇಲೆ ಡಾಕ್ಟರು, ಏನು ಕೊಟ್ಟಿರಿ ಎಂದು ಕೇಳಿದರು. ಅಪ್ಪ ಜೇಬಿನಿಂದ ಪೊಟ್ಟಣ ತೆಗೆದರು.

"ಇದು ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ ಕಣ್ರೀ. ಹಸಿ ಗಾಯದವನಿಗೆ ಇದನ್ನ ಕೊಡೋದಾ?"

ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಅಪ್ಪ ತಮ್ಮ ಬರಿಗಾಲನ್ನು ನೋಡುತ್ತಾ ನಿಂತರು.

ಮಕ್ಕಳೇ, ಈ ಕತೆ ಈಗ ಹೇಳಿದ್ದು ಯಾಕೆಂದರೆ, ಬರುವ ವಾರ ನಿಮ್ಮಲ್ಲಿ ಪುಟ್ಟಿಗೂ ಅದೇ ಆಪರೇಷನ್. ಈಗಿನ ಡಾಕ್ಟರು ಮೊದಲೇ ವಿಚಾರಣೆ ನಡೆಸುತ್ತಾರೆ: ಯಾವ ಮಾತ್ರೆ ನುಂಗಿದ್ದೀಯ, ಹಲ್ಲು ಬಿದ್ದಾಗ ರಕ್ತ ಬೇಗ ನಿಂತಿತೇ, ಮನೆಯಲ್ಲಿ ಯಾರಿಗಾದರೂ ರಕ್ತ ನಿಲ್ಲದ ತೊಂದರೆ ಉಂಟೇ ಎಂದು. ಅವಳ ಜೈಲಿನಲ್ಲಿ ಐಸ್‌ಕ್ರೀಮ್ ಇರುತ್ತದೆ, ಮೊಬೈಲೂ ಇರುತ್ತದೆ. ಆದರೆ ಮೊಬೈಲನ್ನು ಅವಳು ನೋಡುತ್ತಾಳೆ, ಅದು ಅವಳ ಗಂಟಲನ್ನು ನೋಡುವುದಿಲ್ಲ. ಅದಕ್ಕೇ ಲಿಂಗದಹಳ್ಳಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೀಗ ದಪ್ಪ ಕನ್ನಡಕ. ವಿಷಯ ಪೂರ್ತಿ ಹೇಳುವ ಮೊದಲೇ ಅಂದಳು:

"ಬತ್ತೀನಿ ಇರು. ಗಂಜಿ ಲೋಟ ನಾನೇ ತತ್ತೀನಿ."