ಕಪ್ಪು ಅಂಚಿನ ಕಾರ್ಡು

ಹೋದ ವಾರ ಮೊಮ್ಮಗನ ಮದುವೆಯ ಲಗ್ನಪತ್ರಿಕೆಗಳನ್ನು ಕವರಿಗೆ ಹಾಕಿ ಅಂಟಿಸುತ್ತಾ ಕೂತಿದ್ದೆವು. ಗೋಂದಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ನಮ್ಮ ಮಾವನವರು ನೆನಪಾದರು. ಅವರ ಬೆರಳಿಗೆ, ಷರಟಿನ ಜೇಬಿಗೆ, ಕಡೆಗೆ ಮೀಸೆಗೂ ಅದೇ ವಾಸನೆ. ಇಟ್ಟಿದ್ದು ಊದಿನಕಡ್ಡಿ ಅಂಗಡಿ, ಮೈಯೆಲ್ಲ ಗೋಂದು!

ನಾನು ಆ ಮನೆಗೆ ಸೊಸೆಯಾಗಿ ಹೋದದ್ದು ಐವತ್ತರ ದಶಕದಲ್ಲಿ. ದೇವರಾಜ ಮೊಹಲ್ಲಾದಲ್ಲಿ ಮುಂದೆ ಅಂಗಡಿ, ಹಿಂದೆ ಸಂಸಾರ. ಸೊಸೆ ಮಾವನ ಎದುರು ನಿಂತು ಮಾತಾಡುವ ಕಾಲವಲ್ಲ ಅದು. ಆದರೆ ಮಾವನವರಿಗೆ ಹೊರದೇಶದ ಸ್ಟ್ಯಾಂಪಿನ ಹುಚ್ಚು, ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನೋ ಇಂಟರ್‌ಮೀಡಿಯೆಟ್ ಓದಿದವಳು. ತಿಂಗಳು ತುಂಬುವುದರೊಳಗೆ, "ಒಂದು ಕಾಗದ ಬರ್ಕೊಡ್ತೀಯೇನಮ್ಮ?" ಅಂದರು. ಅಲ್ಲಿಂದ ನಮ್ಮಿಬ್ಬರ ಮಾತು ಶುರುವಾಯಿತು.

ಯಾವುದೋ ಪತ್ರಿಕೆಯಲ್ಲಿ ವಿಳಾಸ ಸಿಕ್ಕಿದ್ದ ಫಿನ್ಲೆಂಡಿನ ಒಬ್ಬ ಮೇಷ್ಟ್ರ ಜೊತೆ ಅವರ ಕೊಡುಕೊಳ್ಳುವಿಕೆ. ಅಲ್ಲಿಂದ ಹತ್ತು ಸ್ಟ್ಯಾಂಪು ಬಂದರೆ ಇಲ್ಲಿಂದಲೂ ಹತ್ತು. ಹಿಮದ ಚಿತ್ರದ ಕಾರ್ಡು ಬಂದರೆ ಅರಮನೆ ದೀಪದ ಕಾರ್ಡು. ಕಳಿಸುವ ಕವರಿನ ನಾಲ್ಕು ಮೂಲೆಗೂ ಮಾವ ಅರಿಶಿನ ಹಚ್ಚುತ್ತಿದ್ದರು. ಅವರಿಗೆ ಇದೆಲ್ಲ ಗೊತ್ತಾಗಲ್ಲ ಅಂತ ನಾನಂದರೆ, "ಗೊತ್ತಾಗ್ದಿದ್ರೇನಂತೆ, ಶುಭ ಅವ್ರಿಗೂ ಬೇಡ್ವಾ?" ಅನ್ನುತ್ತಿದ್ದರು. ಈ ಹಳದಿ ಕಲೆ ಏನು ಅಂತ ಆ ಮೇಷ್ಟ್ರು ಕೇಳಿದರು, ನಾನು ವಿವರಿಸಿ ಬರೆದೆ. ಮುಂದಿನ ಕವರು ನಾಲ್ಕು ಮೂಲೆಗೂ ಹಳದಿ ಪೆನ್ಸಿಲ್ ಬಳಿಸಿಕೊಂಡು ಬಂತು! ಮಾವ ಅದನ್ನು ಇಡೀ ಬೀದಿಗೆ ತೋರಿಸಿಕೊಂಡು ಬಂದರು, ಮಗು ಥರ... ಕಪ್ಪಿನ ವಿಷಯ ಬರೆಯಬೇಕು ಅಂತ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ನನಗೆ ಆಗ ಏಳು ತಿಂಗಳು. ಸಂಕ್ರಾಂತಿಯ ಹಿಂದಿನ ದಿನ ಅತ್ತೆಯ ಜೊತೆ ಕೂತು ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಿದ್ದೆ. ಅಂಚೆಯವನು ಮಾವನ ಕೈಗೆ ಫಿನ್ಲೆಂಡಿನ ಕಾರ್ಡು ಕೊಟ್ಟುಹೋದ. ಸುತ್ತಲೂ ಬೆರಳಗಲ ಕಪ್ಪು ಅಂಚು. ನಮ್ಮಲ್ಲಿ ಕಪ್ಪು ಅಂಚು ಅಂದರೆ ಸಾವಿನ ಸುದ್ದಿ. ಅಂಥ ಕಾಗದ ಹೊಸಲು ದಾಟಬಾರದು, ಹೊರಗೇ ಹರಿದು ತಲೆಗೆ ನೀರು ಹುಯ್ದುಕೊಂಡು ಒಳಗೆ ಬರಬೇಕು. ಬಸುರಿಯ ಕಣ್ಣಿಗಂತೂ ಬೀಳಲೇಬಾರದು. ಹಾಗಾಗಿ ಮಾವ ಅದನ್ನು ಓದಿಸಲು ನನ್ನ ಹತ್ತಿರ ತರಲೇ ಇಲ್ಲ. ಮೇಷ್ಟ್ರು ಹೋಗಿಬಿಟ್ಟರು ಅಂದುಕೊಂಡು ಬಾಗಿಲಾಚೆ ನಿಂತು ಹರಿದರು, ಮಿಂದು ಬಂದರು. "ಹಬ್ಬದ ಹೊತ್ನಲ್ಲಿ, ಬಸ್ರಿ ಇರೋ ಮನೆಗೆ ಇಂಥದ್ದು ತರ್ಸ್ಕೊಂಡ್ರಲ್ರೀ!" ಅಂತ ಅತ್ತೆ ಕೂಗಾಡಿದರು.

ಮರುದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಮೋರಿಯಂಚಿನಲ್ಲಿ ಆ ಕಾರ್ಡಿನ ಒಂದು ಚೂರು ಸಿಕ್ಕಿತು. ಹ್ಯಾಪಿ ನ್ಯೂ ಇಯರ್ ಅಂತ ಬರೆದು, ಕೆಳಗೆ ಮೇಷ್ಟ್ರದೇ ರುಜು. ಕಪ್ಪು ಬರೀ ಚಿತ್ರದ ಚೌಕಟ್ಟು ಅಷ್ಟೆ! ಅಬ್ಬ, ಸದ್ಯ ಅನ್ನಿಸಿತು. ಹಬ್ಬ ಕಳೆಯಲಿ, ಅತ್ತೆಯ ಕೋಪ ಇಳಿಯಲಿ, ಆಮೇಲೆ ಮಾವನಿಗೆ ಹೇಳೋಣ ಅಂದುಕೊಂಡು ಚೂರನ್ನು ಮೋರಿಗೆ ತಳ್ಳಿದೆ.

ಹತ್ತೇ ದಿನಕ್ಕೆ ನೋವು ಬಂತು. ಗಂಡು ಮಗು. ಉಸಿರಾಡಲಿಲ್ಲ.

ನನಗೆ ತಾಯಿ ಇರಲಿಲ್ಲ, ಆಸ್ಪತ್ರೆಯಿಂದ ಗಂಡನ ಮನೆಗೇ ಕರೆತಂದರು. ನೀರು ಹಾಕಿಸಿಕೊಳ್ಳಲು ಬಚ್ಚಲಿಗೆ ಹೋದರೆ ಮಾವ ಹಂಡೆಯ ಒಲೆ ಮುಂದೆ ಕೂತಿದ್ದರು. ಸ್ಟ್ಯಾಂಪಿನ ಆಲ್ಬಮ್ಮಿನ ಹಾಳೆ ಒಂದೊಂದೇ ಕಿತ್ತು ಉರಿಗೆ ಹಾಕುತ್ತಿದ್ದರು. "ನನ್ನಿಂದ್ಲೇ ಕಣಮ್ಮ ಆಗಿದ್ದು. ಅನಿಷ್ಟಾನ ನಾನೇ ಮನೆಗೆ ತಂದ್ಬುಟ್ಟೆ" ಅಂದರು. ನಾನು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿಗೆ ಕಡುಬು ತುರುಕಿಕೊಂಡವಳ ಹಾಗೆ ನಿಂತಿದ್ದೆ. ಅವರು ಎದ್ದು ಹೋದ ಮೇಲೆ ಅತ್ತೆ ಅದೇ ನೀರನ್ನು ನನಗೆ ಎರೆದರು. ನೀರು ಚೆನ್ನಾಗಿ ಕಾದಿತ್ತು.

ದುಃಖದಲ್ಲಿ ಮಾತು ಹೊರಡಲಿಲ್ಲ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ದುಃಖವೂ ಇರಲಿಲ್ಲ, ಏನೂ ಇರಲಿಲ್ಲ, ಮರಗಟ್ಟಿ ಹೋಗಿದ್ದೆ. ಹೋದ ಮಗುವಿಗೆ ಯಾರದಾದರೂ ಒಬ್ಬರ ತಪ್ಪು ಅಂತ ಬೇಕಿತ್ತು. ಅವರು ತಾವಾಗಿಯೇ ಹೊತ್ತುಕೊಂಡರು, ನಾನು ಇಳಿಸಲಿಲ್ಲ. ಅಷ್ಟೇ ವಿಷಯ.

ಆಮೇಲೊಮ್ಮೆ ಅಂಚೆಯವನು ಹೊರದೇಶದ ಕವರು ತಂದ. ಮಾವ ಅದರ ಕಡೆ ನೋಡಲೂ ಇಲ್ಲ, "ಬೇಡ, ವಾಪಸ್ ಕಳ್ಸಪ್ಪ" ಅಂದರು. ಎರಡು ವರ್ಷಕ್ಕೆ ನನಗೆ ಮಗಳು ಹುಟ್ಟಿದಳು. ಮಾವ ಅವಳನ್ನು ಮುಟ್ಟುತ್ತಿರಲಿಲ್ಲ. ತೊಟ್ಟಿಲಿನಿಂದ ಒಂದು ಮಾರು ದೂರದಲ್ಲಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಾ ನಿಂತಿರುತ್ತಿದ್ದರು... ಅವಳು ಅತ್ತರೆ ನನ್ನನ್ನು ಕೂಗುತ್ತಿದ್ದರು. ತಮ್ಮ ಕೈಯಿಂದ ಇನ್ನೊಂದು ಕೆಡುಕಾಗಬಾರದು ಅಂತ. ನಾನು ಅದನ್ನೂ ದಿನಾ ನೋಡಿದೆ. ಅವಳಿಗೆ ಐದು ತುಂಬಿದ ವರ್ಷ ಮಾವ ತೀರಿಕೊಂಡರು. ಎಲ್ಲರೂ ಅತ್ತರು, ನನಗೆ ಅಳು ಬರಲಿಲ್ಲ.

ನಿನ್ನೆ ರಾಮಕೃಷ್ಣನಗರದ ಮನೆಯಲ್ಲಿ ಮಗಳು ಹಳೆಯ ಫೋಟೋಗಳನ್ನು ಹರಡಿಕೊಂಡು ಕೂತಿದ್ದಳು. ಅವಳಿಗೇ ಈಗ ಅರವತ್ತು ದಾಟಿದೆ. "ತಾತ ನನ್ನ ಎತ್ಕೊಂಡಿರೋದು ಒಂದೂ ಇಲ್ವಲ್ಲಮ್ಮ. ನನ್ನ ಕಂಡ್ರೆ ಆಗ್ತಿರ್ಲಿಲ್ವಾ ಅವ್ರಿಗೆ?" ಅಂದಳು.

ಹೇಳಬಹುದಿತ್ತು. ಅತ್ತೆ ಇಲ್ಲ, ಮಾವ ಇಲ್ಲ, ಯಾರಿಗೂ ಹೆದರಬೇಕಾದ್ದಿಲ್ಲ.

"ಅವ್ರಿಗೆ ಕೈನೋವಿತ್ತು ಕಣೆ" ಅಂದೆ.