ಕಾವಲಿನ ಸರದಿಗೆ ಹೊರಟ ಮಂಡಿ

ಎಂ.ಆರ್.ಐ. ಯಂತ್ರದೊಳಗೆ ಮಲಗಿ ಎದ್ದರೆ ಮಂಡಿ ವಾಸಿಯಾಗುತ್ತದೆ ಎಂದೇ ನಾನು ನಂಬಿದ್ದೆ. ಕೊಳ್ಳೇಗಾಲದ ಔಷಧಿ ಅಂಗಡಿಯೊಂದರಲ್ಲಿ ಮಾತ್ರೆ ಕತ್ತರಿಸಿ ಕೊಡುವ ಕೆಲಸ ನನ್ನದು. ಆ ಧೈರ್ಯದಲ್ಲೇ, ಮೈಸೂರಿನಲ್ಲಿ ಸೋದರಮಾವ ಮಾದಸ್ವಾಮಿ ಸ್ಕ್ಯಾನ್ ಮುಗಿಸಿ ಹೊರಬಂದಾಗ, ‘ಸರಿಹೋಯ್ತಲ್ಲ ಮಾವ, ಇನ್ನು ಕುಂಟಬೇಡ’ ಎಂದು ಬೆನ್ನು ತಟ್ಟಿದೆ.

‘ಬರೀ ಪೋಟ ಇಡುದ್ರಂತೆ ಕಣ್ಲಾ, ಡಾಕ್ಟ್ರೇ’ ಎಂದ.

ಮಾವನ ಹೊಲ ಲೊಕ್ಕನಹಳ್ಳಿಯ ಕಾಡಂಚಿನಲ್ಲಿದೆ. ರಾಗಿ ತೆನೆ ಕಟ್ಟಿತೆಂದರೆ ಅಲ್ಲಿಯವರು ಸರದಿಯಂತೆ ಇಬ್ಬಿಬ್ಬರು ಮರದ ಮೇಲಿನ ಅಟ್ಟಣೆಯಲ್ಲಿ ಕೂತು ಆನೆ ಕಾಯುತ್ತಾರೆ. ಆನೆ ಹೊಲಕ್ಕೆ ಬಂದರೆ ಇಳಿದು ಪಟಾಕಿ ಹೊಡೆದು ಓಡಿಸಬೇಕು. ಅದು ತಿರುಗಿಬಿದ್ದರೆ ತಾವೇ ಓಡಬೇಕು. ಪ್ರತಿ ಮನೆಯಿಂದ ಒಬ್ಬರು ಹೋಗಲೇಬೇಕು. ಯಜಮಾನನಿಗೆ ಆಗದಿದ್ದರೆ ಆ ಮನೆಯ ಇನ್ನೊಬ್ಬರು.

ಹೋದ ಸುಗ್ಗಿಯಲ್ಲಿ ಆನೆಯೊಂದು ಅಟ್ಟಣೆಯ ಮರಕ್ಕೇ ಮೈ ಉಜ್ಜಿತು. ಮಾವ ಹೆದರಿ ಹಾರಿದ. ಪಾದ ಕೆಸರಲ್ಲಿ ಹೂತುಕೊಂಡಿತು, ಮೈ ಮಾತ್ರ ತಿರುಗಿತು. ಮಂಡಿಯೊಳಗಿನ ಟಕ್ಕೆಂಬ ಸದ್ದು ಜೊತೆಗಿದ್ದ ಬಿಳಿಗಿರಿಗೂ ಕೇಳಿತಂತೆ. ಆನೆ ಯಾಕೋ ಬೇರೆ ಕಡೆ ನಡೆಯಿತು.

ಊರಲ್ಲಿ ಎಣ್ಣೆ ಹಚ್ಚಿ ಕಟ್ಟು ಕಟ್ಟಿದರು. ಊತ ಇಳಿಯಿತು, ವಾಸಿಯಾಯಿತೆಂದು ಎಲ್ಲರೂ ತೀರ್ಮಾನಿಸಿದರು, ಬಿಳಿಗಿರಿಯೂ. ಆದರೆ ಮಂಡಿ ಆಗಾಗ ಜಾರುತ್ತಿತ್ತು. ಸ್ಕ್ಯಾನ್ ನೋಡಿದ ಡಾಕ್ಟರು, ಮೂಳೆ ಚೆನ್ನಾಗಿದೆ, ಮೂಳೆಗಳನ್ನು ಹಿಡಿದಿಡುವ ಒಳಗಿನ ಲಿಗಮೆಂಟ್ ಪೂರ್ತಿ ಹರಿದಿದೆ ಎಂದರು. ನೆಟ್ಟಗೆ ನಡೆಯಬಹುದು, ಓಡುತ್ತ ತಿರುಗಿದರೆ ಬೀಳುವುದೇ. ಆಪರೇಷನ್ ಮಾಡಿ ಬೇರೆ ಲಿಗಮೆಂಟ್ ಕೂರಿಸಬೇಕು, ತಿಂಗಳುಗಟ್ಟಲೆ ವ್ಯಾಯಾಮ ಮಾಡಬೇಕು.

‘ಸುಗ್ಗಿ ಮುಗೀಲಿ ಸಾ’ ಎಂದು ಮಾವ ಎದ್ದುಬಂದ.

ಮೊನ್ನೆ ಮಾವನ ಕಾವಲಿನ ಸರದಿ; ಸಂಜೆ ಅವನ ಮನೆಗೆ ಹೋದೆ. ನಾನು ತಂದ ಮಂಡಿ ಬೆಲ್ಟನ್ನು ಮಾವ ಪಂಚೆಯೊಳಗೆ, ಯಾರಿಗೂ ಕಾಣದಂತೆ ಬಿಗಿದುಕೊಂಡ. ಅತ್ತೆ ರಾಮಮ್ಮ ಚೀಲಕ್ಕೆ ಪಟಾಕಿ ತುಂಬಿದಳು.

‘ಅಪ್ಪಾ, ಈ ಸರ್ತಿ ನಾನೇ ಓಯ್ತೀನಿ’ ಎಂದಳು ಮಗಳು ಮಾಲಿನಿ.

‘ಸುಮ್ಕಿರವ್ವ. ನಾನ್ ಬಿದ್ಕೊಂಡ್ರೆ ನಿನ್ನೇ ಕರೀತಾರೆ ಅಂತ್ಲೇ ಓಯ್ತಿರೋದು.’

ಹೊಲದವರೆಗೆ ನಾನೂ ಜೊತೆಗೆ ಹೋದೆ. ಬದುವಿನ ಮೇಲೆ ಲದ್ದಿ ಇನ್ನೂ ಹಸಿಯಾಗಿತ್ತು. ಏಣಿ ಹತ್ತುವಾಗ ಮಾವನ ಮಂಡಿ ಒಳಕ್ಕೆ ವಾಲಿತು. ಏಣಿಯನ್ನು ತಬ್ಬಿ ನಿಂತ.

ಮೇಲಿಂದ ಬಿಳಿಗಿರಿ ಕೂಗಿದ: ‘ಏನ್ಲಾ ಮಾದ, ಏಣಿಗೆ ಮುತ್ ಕೊಡ್ತಿದ್ದೀಯಾ?’

ಮಾವ ನಕ್ಕ. ಕಾಡಿನ ಕಡೆ ಬಿದಿರು ಲಟಲಟನೆ ಮುರಿಯಿತು. ಮೂವರೂ ಆ ಕಡೆ ತಿರುಗಿದೆವು.

ಕೇಳಬಾರದೆಂದುಕೊಂಡೇ ಮಾವನಿಗಷ್ಟೇ ಕೇಳುವಂತೆ ಕೇಳಿದೆ: ‘ಅದು ಅಟ್ಟಿಸ್ಕೊಂಡ್ ಬಂದ್ರೆ ಓಡೋಕಾಯ್ತದಾ ಮಾವ?’

‘ಆಗಕಿಲ್ಲ ಕಣ್ಲಾ. ಅದು ನನ್ನ ತುಳಿಯೋ ಒತ್ಗೆ ಬಿಳಿಗಿರಿ ಊರು ಸೇರ್ಕತಾನೆ.’