ಕೊನೆಯ ಡನ್ಲಿನ್‌ಗೆ ಕೂರಿಸಿದ ಹಿತ್ತಾಳೆ ಫಲಕ

ಕೊವೆಂಟ್ರಿಯ ಸಿರಿಲ್ ಹ್ಯಾಡನ್‌ಗೆ ರೋಲಂಡ್ ಪೀಕ್‌ನ ಮೇಲಿದ್ದ ಹೊಟ್ಟೆಕಿಚ್ಚು ಕಾರಿನಿಂದ ಶುರುವಾದದ್ದಲ್ಲ. ಕಾರ್ಖಾನೆಯ ಗೇಟಿನ ಮುಂದೆ ಮುಷ್ಕರ ಹೂಡಿ ಕೂತಿದ್ದ ಚಳಿಗಾಲದಲ್ಲೇ ಅದು ಹೊತ್ತಿಕೊಂಡಿತ್ತು. ಇಬ್ಬರೂ ಒಂದೇ ಡ್ರಮ್ಮಿನ ಬೆಂಕಿಗೆ ಕೈ ಕಾಯಿಸಿದ್ದರು, ಒಂದೇ ಪೊಲೀಸ್ ಕುದುರೆಯ ಲದ್ದಿ ತುಳಿದಿದ್ದರು. ಆದರೆ ಪೇಪರಿನ ಫೋಟೋದಲ್ಲಿ ಬಂದದ್ದು ರೋಲಂಡನ ಮುಖ, ಸಿರಿಲ್‌ನ ಮೊಣಕೈ. ಆ ಮೊಣಕೈ ತನ್ನದೇ ಎಂದು ಸಿರಿಲ್ ತಲೆ ನರೆತ ಮೇಲೂ ಹೇಳಿಕೊಂಡು ತಿರುಗುತ್ತಿದ್ದ. ಹೌದು ಹೌದು ಎನ್ನುತ್ತಿದ್ದವಳು ಹೆಂಡತಿ ಡೋರೀನ್ ಒಬ್ಬಳೇ, ಅದೂ ಮಾತು ಮುಗಿಯಲಿ ಅಂತ.

ಅಲ್ಲಿ ಅವರು ಕಟ್ಟುತ್ತಿದ್ದದ್ದು ಡನ್ಲಿನ್ ಎಂಬ ಸ್ಪೋರ್ಟ್ಸ್ ಕಾರು. ಇಬ್ಬರು ಕೂರಬಹುದು, ಮೂರನೆಯವನ ಟೋಪಿಗೂ ಜಾಗವಿಲ್ಲ. ಮಳೆ ಬಂದರೆ ರಸ್ತೆಗಿಂತ ಮೊದಲು ಸೀಟು ನೆನೆಯುತ್ತಿತ್ತು. ರೋಲಂಡ್ ಬಾಗಿಲು ಜೋಡಿಸುತ್ತಿದ್ದ. ಸಿರಿಲ್ ಸಾಲಿನ ಕಟ್ಟಕಡೆಗೆ ನಿಂತು ಮೂತಿಯ ಮೇಲೆ ಹೆಸರಿನ ಬಿಲ್ಲೆ ಕೂರಿಸುತ್ತಿದ್ದ. ಅವನ ಕೈ ದಾಟಿದ ಬಿಲ್ಲೆ ಕೂದಲೆಳೆಯಷ್ಟೂ ಓರೆಯಾಗುತ್ತಿರಲಿಲ್ಲ. ಬದುಕಿನಲ್ಲಿ ಯಾರಾದರೂ ಹೊಟ್ಟೆಕಿಚ್ಚು ಪಡಬಹುದಾದ ವಿದ್ಯೆ ಅಂತ ಅವನಲ್ಲಿದ್ದದ್ದು ಅದೊಂದೇ, ಅದಕ್ಕೆ ಯಾರೂ ಪಡಲಿಲ್ಲ.

ಕಾರ್ಖಾನೆ ಮುಚ್ಚಿತು. ಈಗ ಅಲ್ಲಿ ಸೋಫಾ ಮಾರುತ್ತಾರೆ. ಡನ್ಲಿನ್‌ಗಳು ತುಕ್ಕು ತಿಂದು ಒಂದೊಂದಾಗಿ ಗುಜರಿ ಸೇರಿದವು. ಯಾವ ಕಾರು ರಸ್ತೆಯ ಮೇಲೆ ಎಷ್ಟು ಉಳಿದಿವೆ ಎಂಬ ಲೆಕ್ಕವನ್ನು ಸರ್ಕಾರ ತೆರಿಗೆ ಪುಸ್ತಕ ನೋಡಿ ಮೂರು ತಿಂಗಳಿಗೊಮ್ಮೆ ಹೊರಡಿಸುತ್ತದೆ. ಬೇರೆಯವರು ಫುಟ್‌ಬಾಲ್ ಫಲಿತಾಂಶ ನೋಡುವ ಹಾಗೆ ಸಿರಿಲ್ ಅದನ್ನು ನೋಡುತ್ತಿದ್ದ. ಸಂಖ್ಯೆ ಇಳಿದರೆ ಬಾಯಲ್ಲಿ ‘ಅಯ್ಯೋ ಪಾಪ’, ಎದೆಯೊಳಗೆ ಬ್ಯಾಂಡು. ಇಳಿದು ಇಳಿದು ಕೊನೆಗೆ ಎರಡಕ್ಕೆ ನಿಂತಿತು. ಒಂದು ಅವನ ಕಂದು ಡನ್ಲಿನ್, ಇನ್ನೊಂದು ರೋಲಂಡನ ಹಳದಿ. ಊರಾಚೆ ಗ್ವೆನ್‌ಳ ಪಬ್ಬಿನ ಹಿಂದೆ ತಿಂಗಳ ಮೊದಲ ಭಾನುವಾರ ಹಳೇ ಕಾರಿನವರೆಲ್ಲ ಸೇರುತ್ತಿದ್ದರು. ಫೋಟೋ ಹೊಡೆಯುವವರು ಹಳದಿಯನ್ನು ಮುತ್ತಿಕೊಳ್ಳುತ್ತಿದ್ದರು. ಒಮ್ಮೆ ಒಬ್ಬಳು, “ಆ ಕಂದು ಕಾರನ್ನ ಚೂರು ಆಚೆ ಸರಿಸ್ತೀರಾ? ಹಳದೀದು ಪೂರ್ತಿ ಬರ್ತಿಲ್ಲ” ಅಂದಳು. ಸಿರಿಲ್ ಸರಿಸಿದ. ಆ ರಾತ್ರಿ ಅನ್ನನಾಳದವರೆಗೆ ಉರಿದ.

“ಬಣ್ಣ ಬದಲಾಯಿಸೋ,” ಎನ್ನುತ್ತಿದ್ದ ರೋಲಂಡ್. “ಸಗಣಿ ಬಣ್ಣ. ಎಲ್ಲಿ ನಿಲ್ಲಿಸಿದ್ರೂ ಹೊಲ ಅಂದ್ಕೊಂಡು ಕಾಗೆ ಬಂದು ಕೂರುತ್ತೆ.”

“ಕಾಗೆಗೂ ಬುದ್ಧಿ ಇದೆ ಕಣಪ್ಪ, ನಿನ್ನ ಹಳದಿ ಮೇಲೆ ಕೂತು ಕಣ್ಣು ಕಳ್ಕೊಳ್ಳಲ್ಲ.”

ಒಂದು ಚಳಿಗಾಲದಲ್ಲಿ ರೋಲಂಡ್ ಸೊಂಟದ ಕೀಲು ಸವೆದು ಆಸ್ಪತ್ರೆ ಸೇರಿದ. ಪಬ್ಬಿನ ಹಿಂದೆ ಹಳದಿ ಕಾಣಲಿಲ್ಲ. ವಸಂತದಲ್ಲಿ ಹೊಸ ಲೆಕ್ಕ ಬಂತು. ಡನ್ಲಿನ್: ಒಂದು.

ಸಿರಿಲ್ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಒಂದೇ.

“ರೋಲಂಡನ್ನ ಒಂದು ಮಾತು ಕೇಳು,” ಅಂದಳು ಡೋರೀನ್.

“ಮಲಗಿರೋನ್ನ ಏನು ಕೇಳೋದು? ಕಾರನ್ನ ಕೊಟ್ಟಿಗೆಗೆ ತಳ್ಳಿ, ರಸ್ತೆಗಿಳಿಸಲ್ಲ ಅಂತ ಸರ್ಕಾರಕ್ಕೆ ಬರೆದುಕೊಟ್ಟಿರ್ತಾನೆ. ನಂದು ಮನೆ ಮುಂದೇ ನಿಂತಿದೆ. ಎರಡರಲ್ಲಿ ಒಂದು ಹೋದ್ರೆ ಉಳಿಯೋದು ಯಾವುದು? ನೀನೇ ಹೇಳು.”

“ನೋಡ್ಬೇಕು ನಿನ್ನ ಮುಖ. ಮದುವೆ ದಿನಾನೂ ಹಿಂಗೆ ಅರಳಿರಲಿಲ್ಲ.”

ಅವನು ಆಗಲೇ ಹಿತ್ತಾಳೆಯವನ ಅಂಗಡಿಗೆ ಹೊರಟಿದ್ದ. ಅಂಗೈಯಗಲದ ಫಲಕ ಮಾಡಿಸಿ, ‘ರಸ್ತೆಯ ಮೇಲೆ ಉಳಿದ ಕೊನೆಯ ಡನ್ಲಿನ್’ ಎಂದು ಕೊರೆಸಿದ. ಭಾನುವಾರ ಪಬ್ಬಿನ ಹಿಂದೆ ಅದನ್ನು ಎತ್ತಿ ಹಿಡಿದು ತೋರಿಸಿದ. ನೆರೆದವರಿಗೆಲ್ಲ ತನ್ನ ಲೆಕ್ಕದಲ್ಲಿ ಬಿಯರು ಹೇಳಿದ. ಅವನು ಹೀಗೆ ಕೊಡಿಸಿದ್ದು ಆ ಪಬ್ಬಿನಲ್ಲಿ ಯಾರ ನೆನಪಿನಲ್ಲೂ ಇರಲಿಲ್ಲ. “ಕೊನೆಯ ಡನ್ಲಿನ್‌ಗೆ!” ಅಂದ. “ಕೊನೆಯ ಡನ್ಲಿನ್‌ಗೆ!” ಎಂದು ಎಲ್ಲರೂ ಗ್ಲಾಸು ಎತ್ತಿದರು.

ಗ್ಲಾಸು ಇನ್ನೂ ತುಟಿಯಲ್ಲಿದ್ದಾಗಲೇ ಸೈಲೆನ್ಸರಿನ ಆ ಗೊಗ್ಗರು ಕೆಮ್ಮು ಕೇಳಿಸಿತು. ಹಳದಿ ಡನ್ಲಿನ್ ತಿರುಗಿಕೊಂಡು ಬಂದು ನಿಂತಿತು. ಮೊದಲು ಊರುಗೋಲು ಇಳಿಯಿತು, ಆಮೇಲೆ ರೋಲಂಡ್.

“ಯಾರ ಹೆಣ ಎತ್ತಿದ್ದೀರ್ರೋ?”

“ನಿನ್ನ ಕಾರಿಂದು,” ಅಂದಳು ಗ್ವೆನ್. “ಸಿರಿಲ್ ಆಗಲೇ ಮಣ್ಣು ಹಾಕಿ ಆಯ್ತು.”

“ತೆರಿಗೆ ಇಲ್ದೆ ಓಡಿಸ್ಕೊಂಡು ಬಂದ್ಯಾ?” ಸಿರಿಲ್ ಗ್ಲಾಸು ಕೆಳಗಿಟ್ಟ. “ಲೆಕ್ಕದಲ್ಲಿ ಒಂದೇ ಇದೆ ಕಣೋ!”

ರೋಲಂಡ್ ಫೋನಿನಲ್ಲಿ ಸರ್ಕಾರದ ತೆರಿಗೆ ಪುಟ ತೆರೆದು ತನ್ನ ಕಾರಿನ ನಂಬರು ಒತ್ತಿ ತೋರಿಸಿದ. ಹಸಿರು, ಎಲ್ಲ ಸರಿ. ಆಮೇಲೆ ಕಂದು ಕಾರಿನ ಕಡೆ ಕತ್ತು ಚಾಚಿ, ಅದರ ನಂಬರನ್ನೂ ನಿಧಾನಕ್ಕೆ ಒತ್ತಿದ. ಪರದೆ ಕೆಂಪಾಯಿತು. ತೆರಿಗೆ ಇಲ್ಲ. ಕಳೆದ ವರ್ಷದ ಕೊನೆಯಿಂದಲೇ ಇಲ್ಲ.

ಇಷ್ಟು ಹಳೆಯ ಕಾರಿಗೆ ತೆರಿಗೆ ಸೊನ್ನೆ. ಆದರೆ ಆ ಸೊನ್ನೆಯನ್ನೂ ವರ್ಷಕ್ಕೊಮ್ಮೆ ನೋಂದಾಯಿಸಬೇಕು, ಇಲ್ಲದಿದ್ದರೆ ಲೆಕ್ಕದಿಂದ ಬಿದ್ದುಹೋಗುತ್ತದೆ. ಸಿರಿಲ್ ಮನೆಗೆ ಫೋನು ಹಚ್ಚಿದ.

“ಡೋರೀನ್, ಸರ್ಕಾರದ ಕಂದು ಲಕೋಟೆ ಏನಾದ್ರೂ ಬಂದಿತ್ತಾ?”

“ಬಂದಿತ್ತಲ್ಲ. ಸೊನ್ನೆ ವಸೂಲಿಗೂ ಕಾಗದ ಕಳಿಸ್ತಾರೆ ಬೇವರ್ಸಿಗಳು ಅಂತ ನೀನೇ ಒಲೆಗೆ ಹಾಕ್ದೆ. ಯಾಕೆ?”

“ಏನಿಲ್ಲ. ನೋಂದಣಿ ಪುಸ್ತಕ ತೆಗಿ. ಅದರ ಮೇಲಿನ ಅಂಕಿ ಓದು.”

“ಏನಿಲ್ದಿದ್ರೆ ಹಿಂದೆ ಯಾಕೆ ಅಷ್ಟು ಜನ ನಗ್ತಿದ್ದಾರೆ?”

ಅವಳು ಓದಿದಳು, ಅವನು ಒತ್ತಿದ. ಸೊನ್ನೆ ಕಟ್ಟಿದ್ದಾಯಿತು. ಬೆವರು ಒರೆಸಿಕೊಂಡು, “ಮುಗೀತು. ಮತ್ತೆ ಎರಡು,” ಅಂದ.

“ಅದು ಮುಂದಿನ ಲೆಕ್ಕಕ್ಕೆ,” ಅಂದ ರೋಲಂಡ್. “ಈ ಸಲದ್ದು ಒಂದೇ. ಆ ಒಂದು ನಂದು. ಸರ್ಕಾರದ ಪುಸ್ತಕದಲ್ಲಿ ಅದನ್ನ ಯಾವನೂ ಅಳಿಸೋಕಾಗಲ್ಲ. ಊರಿಗೆಲ್ಲ ಬಿಯರು ಕುಡಿಸಿ ಸಾರಿದೋನೂ ನೀನೇ. ಫಲಕ ಕೊಡು.”

ಸಿರಿಲ್ ಸುತ್ತ ನೋಡಿದ. ಅವನು ಕೊಡಿಸಿದ ಬಿಯರನ್ನೇ ಕುಡಿಯುತ್ತಾ ಎಲ್ಲರೂ ರೋಲಂಡನ ಪರ ತಲೆಯಾಡಿಸುತ್ತಿದ್ದರು. ಅವನು ಫಲಕ ಕೊಟ್ಟ.

ರೋಲಂಡ್ ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಫಲಕವನ್ನು ಹಳದಿ ಮೂತಿಗೆ ಒತ್ತಿ, ಯಾರದೋ ಸ್ಕ್ರೂ ಡ್ರೈವರಿನಿಂದ ತಿವಿಯತೊಡಗಿದ. ಸ್ಕ್ರೂ ಜಾರಿತು, ಬಣ್ಣಕ್ಕೆ ಗೀರು ಬಿತ್ತು. ಸಿರಿಲ್‌ನ ಹಲ್ಲು ಜುಮ್ಮೆಂದಿತು.

“ಸರಿ ಆಚೆ! ಬಾಗಿಲಿನೋರಿಗೆ ಬಿಲ್ಲೆ ಕೆಲಸ ಯಾವತ್ತು ಬಂದಿತ್ತು?”

ಅವನು ಮಂಡಿಯೂರಿ ಕೂತ. ಒಂದು ಕಣ್ಣು ಮುಚ್ಚಿದ, ಹೆಬ್ಬೆರಳಿನಿಂದ ನಡುಮಧ್ಯ ಹುಡುಕಿದ. ಕೈ ತಾನಾಗಿ ನೇರಕ್ಕೆ ಹೋಯಿತು. ಅವನು ಅದನ್ನು ಬೇಕೆಂತಲೇ ಕೂದಲೆಳೆಯಷ್ಟು ಎಡಕ್ಕೆ ತಂದ, ಆಮೇಲೆ ಸ್ಕ್ರೂ ಬಿಗಿ ಮಾಡಿದ.

ರೋಲಂಡ್ ಹಿಂದೆ ಸರಿದು ತಲೆ ವಾಲಿಸಿ ನೋಡಿದ. “ಎಡಕ್ಕೆ ವಾಲಿದೆ.”

“ವಾಲಿರೋದು ನಿನ್ನ ಸೊಂಟ,” ಅಂದ ಸಿರಿಲ್, ಮಂಡಿಯ ಮಣ್ಣು ಕೊಡವಿಕೊಳ್ಳುತ್ತಾ.